ಸರ್ ರೊನಾಲ್ಡ್ ರಾಸ್: ರಕ್ತದ ಹನಿಯನ್ನು ನಂಬಿದ ದಂಡಿನ ವೈದ್ಯ

ಪೀಠಿಕೆ

ಜ್ವರ, ಕೀಲುನೋವು ಅಥವಾ ಬಹುದಿನದ ನಿಶ್ಶಕ್ತಿಯೆಂದು ಆಸ್ಪತ್ರೆಗೆ ಬರುವ ನಾಗರಿಕರಿಗೆ ವೈದ್ಯರು ಔಷಧಿಗೆ ಮೊದಲು ರಕ್ತಪರೀಕ್ಷೆಯ ಚೀಟಿ ಬರೆದುಕೊಡುವುದು ವಾಡಿಕೆ. ಚಿಕಿತ್ಸೆ ಆರಂಭವಾದ ಕೆಲವು ವಾರಗಳ ನಂತರ ಅದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಲು ಸೂಚಿಸುವುದೂ ಉಂಟು. ಒಮ್ಮೆ ಮಾಡಿಸಿದ ಪರೀಕ್ಷೆಯನ್ನು ಪುನಃ ಏಕೆ ಮಾಡಿಸಬೇಕು, ವರದಿಯಲ್ಲಿನ ಅಂಕಿ ಹೆಚ್ಚಾಗಿದ್ದರೆ ಅದು ಯಾವ ಕಾಯಿಲೆ ಎಂಬ ಪ್ರಶ್ನೆಗಳನ್ನು ಸಾರ್ವಜನಿಕರು ಮೇಲಿಂದ ಮೇಲೆ ಕೇಳುತ್ತಾರೆ. ಈ ಪ್ರಶ್ನೆಗಳಿಗೆ ಉತ್ತರವನ್ನು ಬೆಂಗಳೂರು ದಂಡು ಪ್ರದೇಶದಲ್ಲಿ ಸೇವೆ ಸಲ್ಲಿಸಿದ ಒಬ್ಬ ವೈದ್ಯರ ಜೀವನದಲ್ಲಿಯೇ ಕಾಣಬಹುದಾಗಿದೆ. ಮಲೇರಿಯ ರೋಗವು ಸೊಳ್ಳೆಯಿಂದ ಹರಡುತ್ತದೆಂಬುದನ್ನು ಸಾಧಿಸಿ 1902ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಸರ್ ರೊನಾಲ್ಡ್ ರಾಸ್ ಅವರ ಜೀವನ ಚರಿತ್ರೆಯನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ಸಂಕ್ಷಿಪ್ತವಾಗಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ರೊನಾಲ್ಡ್ ರಾಸ್ ಅವರು 1857ರ ಮೇ 13ರಂದು ಹಿಮಾಲಯದ ತಪ್ಪಲಿನ ಅಲ್ಮೋರಾ ಪಟ್ಟಣದಲ್ಲಿ ಜನಿಸಿದರು. ಮೀರತ್‌ನಲ್ಲಿ ಸಿಪಾಯಿಗಳು ದಂಗೆಯೆದ್ದು ಆಗ ಕೇವಲ ಮೂರು ದಿನಗಳಾಗಿದ್ದವು. ತಂದೆ ಬ್ರಿಟಿಷ್ ಭಾರತದ ಸೈನ್ಯದಲ್ಲಿ ಅಧಿಕಾರಿಗಳಾಗಿದ್ದು, ಮುಂದೆ ಜನರಲ್ ಪದವಿಗೇರಿದರು. ಹತ್ತು ಮಕ್ಕಳಲ್ಲಿ ಹಿರಿಯರಾದ ರಾಸ್ ಅವರನ್ನು ಎಂಟನೆಯ ವಯಸ್ಸಿನಲ್ಲಿ ಇಂಗ್ಲೆಂಡಿನ ಬಂಧುಗಳ ಮನೆಗೆ ವಿದ್ಯಾಭ್ಯಾಸಕ್ಕಾಗಿ ಕಳುಹಿಸಲಾಯಿತು.

ಬಾಲಕನಿಗೆ ಕಾವ್ಯ, ಸಂಗೀತ, ಚಿತ್ರಕಲೆ ಮತ್ತು ಗಣಿತಗಳಲ್ಲಿ ಒಲವಿತ್ತು. ವೈದ್ಯನಾಗುವ ಇಚ್ಛೆ ಇರಲಿಲ್ಲ. ಆದರೆ ಮಗನು ಭಾರತೀಯ ವೈದ್ಯಕೀಯ ಸೇವೆಗೆ ಸೇರಬೇಕೆಂಬುದು ತಂದೆಯ ನಿಶ್ಚಯವಾಗಿತ್ತು. 1874ರಲ್ಲಿ ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯ ವೈದ್ಯಕೀಯ ಶಾಲೆಯನ್ನು ಸೇರಿದ ರಾಸ್ ಅವರು ಅಲ್ಲಿ ವಿಶೇಷ ಪ್ರತಿಭೆಯನ್ನೇನೂ ತೋರಲಿಲ್ಲ. ಒಂದು ಪರೀಕ್ಷೆಯಲ್ಲಿ ಮೊದಲ ಸಲ ಅನುತ್ತೀರ್ಣರಾಗಿ, ಕೆಲಕಾಲ ಹಡಗಿನ ವೈದ್ಯರಾಗಿ ದುಡಿದರು. ಎರಡನೆಯ ಪ್ರಯತ್ನದಲ್ಲಿ ಉತ್ತೀರ್ಣರಾಗಿ 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಯನ್ನು ಪ್ರವೇಶಿಸಿ ಮದರಾಸು ಪ್ರಾಂತ್ಯಕ್ಕೆ ಬಂದರು.

ಬೆಂಗಳೂರು ದಂಡಿನಲ್ಲಿ ಮೊದಲ ಸೇವೆ

1809ರಲ್ಲಿ ಸ್ಥಾಪಿತವಾದ ಬೆಂಗಳೂರಿನ ದಂಡು ಹಲಸೂರು ಕೆರೆಯ ಸುತ್ತಮುತ್ತ ಬೆಳೆದು, ಪೇಟೆಗಿಂತ ಬೇರೆಯಾದ ಒಂದು ಊರೇ ಆಗಿತ್ತು. 1881ರಲ್ಲಿ ಮೈಸೂರು ಸಂಸ್ಥಾನವನ್ನು ಮಹಾರಾಜರಿಗೆ ಹಿಂತಿರುಗಿಸಿದಾಗಲೂ ದಂಡಿನ ಪ್ರದೇಶವನ್ನು ಬ್ರಿಟಿಷರು ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ತಮ್ಮ ಆಡಳಿತದಲ್ಲಿಯೇ ಇರಿಸಿಕೊಂಡರು. ಇಂದಿನ ಶಿವಾಜಿನಗರವು ಆಗ ಬ್ಲ್ಯಾಕ್‌ಪಲ್ಲಿ ಎಂದು ಕರೆಯಲ್ಪಡುತ್ತಿತ್ತು.

1883ರಲ್ಲಿ ರಾಸ್ ಅವರು ಈ ದಂಡಿನ ಹಂಗಾಮಿ ಸೇನಾ ವೈದ್ಯರಾಗಿ ನೇಮಕಗೊಂಡರು. ಊರಿನ ಹವೆ ಅವರಿಗೆ ಬಹುವಾಗಿ ಒಪ್ಪಿತು. ಒಗ್ಗದಿದ್ದುದೆಂದರೆ ಬಂಗಲೆಯಲ್ಲಿನ ಸೊಳ್ಳೆಗಳ ಕಾಟ. ತಮ್ಮ ಕೊಠಡಿಯಲ್ಲಿ ಮಾತ್ರ ಸೊಳ್ಳೆಗಳು ಅಧಿಕವಾಗಿರುವುದಕ್ಕೆ ಕಾರಣವೇನೆಂದು ಹುಡುಕಿದಾಗ, ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಹುಳುಗಳು ತುಂಬಿರುವುದು ಕಂಡುಬಂದಿತು. ತೊಟ್ಟಿಯನ್ನು ಬೋರಲು ಹಾಕಿಸಿದ ನಂತರ ಸೊಳ್ಳೆಗಳು ಬಹುಮಟ್ಟಿಗೆ ಕಡಿಮೆಯಾದವು. ಅಧಿಕಾರಿಗಳ ಭೋಜನಶಾಲೆಯ ಸುತ್ತಲೂ ಇದೇ ಕ್ರಮ ಕೈಗೊಳ್ಳಬಹುದೆಂದು ಅವರು ಸಲಹೆ ನೀಡಿದಾಗ, ಸಂಬಂಧಪಟ್ಟ ಸೇನಾಧಿಕಾರಿ ಅದನ್ನು ಪ್ರಕೃತಿಯ ನಿಯಮಕ್ಕೆ ವಿರುದ್ಧವೆಂದು ತಳ್ಳಿಹಾಕಿದರು. ಸೊಳ್ಳೆಗೂ ಜ್ವರಕ್ಕೂ ಸಂಬಂಧವಿದೆಯೆಂಬುದು ಆಗ ರಾಸ್ ಅವರಿಗೂ ತಿಳಿದಿರಲಿಲ್ಲ.

ಸಂಶಯದ ವರ್ಷಗಳು

ಆ ಕಾಲದಲ್ಲಿ ಮಲೇರಿಯವು ಜೌಗು ನೆಲದ ಕೆಟ್ಟ ಗಾಳಿಯಿಂದ ಬರುತ್ತದೆಂಬುದು ವೈದ್ಯರ ಸಾಮಾನ್ಯ ನಂಬಿಕೆಯಾಗಿತ್ತು. 1880ರಲ್ಲಿ ಅಲ್ಜೀರಿಯಾದಲ್ಲಿದ್ದ ಫ್ರೆಂಚ್ ಸೇನಾವೈದ್ಯ ಲಾವೆರಾನ್ ಅವರು ರೋಗಿಯ ರಕ್ತದಲ್ಲಿ ಜೀವಂತ ಪರೋಪಜೀವಿಯನ್ನು ಕಂಡುಹಿಡಿದಿದ್ದರು. ಆದರೆ ಸೂಕ್ಷ್ಮದರ್ಶಕದಲ್ಲಿ ಅದನ್ನು ಗುರುತಿಸುವುದು ಸುಲಭವಾಗಿರಲಿಲ್ಲ. ಅನೇಕ ರೋಗಿಗಳ ರಕ್ತವನ್ನು ಪರೀಕ್ಷಿಸಿಯೂ ಪರೋಪಜೀವಿಯನ್ನು ಕಾಣದ ರಾಸ್ ಅವರು ಲಾವೆರಾನ್ ಅವರ ಮಾತೇ ತಪ್ಪೆಂದು ತಿಳಿದು, ಹಾಗೆಂದು ಲೇಖನಗಳನ್ನೂ ಪ್ರಕಟಿಸಿದರು. ಜ್ವರದ ಮೂಲ ಕರುಳಿನ ದೋಷದಲ್ಲಿದೆಯೆಂಬುದು ಅವರ ಅಂದಿನ ಅಭಿಪ್ರಾಯವಾಗಿತ್ತು. ರಕ್ತದಲ್ಲಿ ಪರೋಪಜೀವಿ ಇದ್ದೇ ಇತ್ತು. ಅದನ್ನು ನೋಡುವ ಅಭ್ಯಾಸ ಅವರ ಕಣ್ಣಿಗೆ ಇನ್ನೂ ಆಗಿರಲಿಲ್ಲ.

1888ರಲ್ಲಿ ರಜೆಯ ಮೇಲೆ ಇಂಗ್ಲೆಂಡಿಗೆ ತೆರಳಿದ ಅವರು ಸಾರ್ವಜನಿಕ ಆರೋಗ್ಯದಲ್ಲಿ ಡಿಪ್ಲೊಮಾ ಪಡೆದು, ಸೂಕ್ಷ್ಮಾಣುಶಾಸ್ತ್ರವನ್ನೂ ಅಭ್ಯಾಸ ಮಾಡಿದರು. 1889ರಲ್ಲಿ ರೋಸಾ ಬ್ಲಾಕ್ಸಮ್ ಅವರನ್ನು ವಿವಾಹವಾದರು. 1894ರ ರಜೆಯಲ್ಲಿ ಲಂಡನ್ನಿನ ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್ ಅವರ ಭೇಟಿಯಾಯಿತು. ಮ್ಯಾನ್ಸನ್ ಅವರು ಮಲೇರಿಯ ರೋಗಿಯ ರಕ್ತದ ಹನಿಯಲ್ಲಿ ಪರೋಪಜೀವಿಯನ್ನು ಕಣ್ಣಾರೆ ತೋರಿಸಿಕೊಟ್ಟರು. ಅದರಲ್ಲಿರುವ ಕಪ್ಪು ಕಣಗಳನ್ನು ಗುರುತಿಸುವುದನ್ನು ಕಲಿಸಿದರು. ರಕ್ತ ಹೀರುವ ಸೊಳ್ಳೆಯ ದೇಹದಲ್ಲಿ ಈ ಜೀವಿ ಮುಂದಿನ ಹಂತವನ್ನು ತಲುಪುತ್ತಿರಬಹುದೆಂಬ ತಮ್ಮ ಊಹೆಯನ್ನೂ ತಿಳಿಸಿದರು. ಅಲ್ಲಿಯವರೆಗಿನ ತಮ್ಮ ವಾದವನ್ನು ರಾಸ್ ಅವರು ಹಿಂಜರಿಕೆಯಿಲ್ಲದೆ ಕೈಬಿಟ್ಟರು. ಆಗ ಅವರಿಗೆ ಮೂವತ್ತೇಳು ವರ್ಷ ವಯಸ್ಸಾಗಿತ್ತು.

ಕಾಲರಾ ಮತ್ತು ಮರಳಿ ಬೆಂಗಳೂರು

1895ರಲ್ಲಿ ಭಾರತಕ್ಕೆ ಹಿಂತಿರುಗಿದ ರಾಸ್ ಅವರು ಸಿಕಂದರಾಬಾದಿನಲ್ಲಿ ಸಿಪಾಯಿಗಳ ರಕ್ತವನ್ನೂ ಸೊಳ್ಳೆಗಳನ್ನೂ ಪರೀಕ್ಷಿಸತೊಡಗಿದರು. ಅದೇ ವರ್ಷದ ಸೆಪ್ಟೆಂಬರ್ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಕಾಲರಾ ಕಾಣಿಸಿಕೊಂಡ ಕಾರಣ, ಅವರನ್ನು ನೈರ್ಮಲ್ಯದ ವಿಶೇಷ ಕಾರ್ಯಕ್ಕಾಗಿ ಇಲ್ಲಿಗೆ ನಿಯೋಜಿಸಲಾಯಿತು. ದಂಡಿನ ಬಾವಿಗಳು, ಚರಂಡಿಗಳು ಹಾಗೂ ಬಡವರ ಬೀದಿಗಳ ತಪಾಸಣೆಯೇ ಅವರ ದಿನನಿತ್ಯದ ಕೆಲಸವಾಯಿತು. ಸೊಳ್ಳೆಯ ಸಂಶೋಧನೆಗೆ ಇದರಿಂದ ತಡೆಯಾದರೂ, ಶುದ್ಧ ನೀರು ಮತ್ತು ಒಳಚರಂಡಿಗಳಿಲ್ಲದೆ ಕೇವಲ ಔಷಧಿಯಿಂದ ಊರಿನ ಆರೋಗ್ಯವನ್ನು ಕಾಪಾಡಲಾಗದೆಂಬುದು ಅವರಿಗೆ ಮನದಟ್ಟಾಯಿತು.

ಬಿಡುವಿನ ವೇಳೆಯಲ್ಲಿ ಮಲೇರಿಯದ ಪ್ರಯೋಗಗಳನ್ನೂ ಮುಂದುವರಿಸಿದರು. ರೋಗಿಯ ರಕ್ತ ಹೀರಿದ ಸೊಳ್ಳೆಗಳಿಂದ ಕಚ್ಚಿಸಿಕೊಳ್ಳಲು ಬೌರಿಂಗ್ ಆಸ್ಪತ್ರೆಯ ಸಹಾಯಕ ವೈದ್ಯರೊಬ್ಬರು ಸ್ವಇಚ್ಛೆಯಿಂದ ಮುಂದೆ ಬಂದರು. ಅವರಿಗೆ ಜ್ವರ ಬರಲಿಲ್ಲ. ಮಲೇರಿಯವನ್ನು ಹರಡುವುದು ಅನಾಫಿಲಿಸ್ ಜಾತಿಯ ಹೆಣ್ಣು ಸೊಳ್ಳೆ ಮಾತ್ರ ಎಂಬುದು ಆಗ ತಿಳಿಯದಿದ್ದುದರಿಂದ, ರಾಸ್ ಅವರು ಬಳಸುತ್ತಿದ್ದ ಸಾಮಾನ್ಯ ಸೊಳ್ಳೆಗಳಿಂದ ಫಲ ದೊರೆಯುವಂತಿರಲಿಲ್ಲ. ಒಂದು ಪ್ರಯೋಗ ವಿಫಲವಾದ ಮಾತ್ರಕ್ಕೆ ಸೊಳ್ಳೆಯ ವಿಚಾರವೇ ಸುಳ್ಳೆಂದು ಅವರು ತೀರ್ಮಾನಿಸಲಿಲ್ಲ. ಲಾವೆರಾನ್ ಅವರ ವಿಷಯದಲ್ಲಿ ಹಿಂದೆ ಮಾಡಿದ ಅವಸರದ ತಪ್ಪನ್ನು ಅವರು ಮರೆತಿರಲಿಲ್ಲವೆಂದು ಇದರಿಂದ ಭಾವಿಸಬಹುದು.

1897ರ ಆಗಸ್ಟ್ 20

1897ರ ಬೇಸಿಗೆಯಲ್ಲಿ ನೀಲಗಿರಿಯ ಸೀಗೂರು ಘಾಟಿಗೆ ಹೋಗಿದ್ದಾಗ ರಾಸ್ ಅವರಿಗೆ ಸ್ವತಃ ಮಲೇರಿಯ ತಗುಲಿತು. ಅಲ್ಲಿಯೇ ರೆಕ್ಕೆಯ ಮೇಲೆ ಚುಕ್ಕೆಗಳುಳ್ಳ, ಗೋಡೆಯ ಮೇಲೆ ಓರೆಯಾಗಿ ಕೂರುವ ಸೊಳ್ಳೆಯನ್ನು ಗಮನಿಸಿದರು. ಸಿಕಂದರಾಬಾದಿಗೆ ಹಿಂತಿರುಗಿದ ನಂತರ ಅಂತಹ ಸೊಳ್ಳೆಗಳನ್ನು ಮರಿಹುಳುಗಳಿಂದ ಬೆಳೆಸಿ, ಆಗಸ್ಟ್ 16ರಂದು ಹುಸೇನ್ ಖಾನ್ ಎಂಬ ಮಲೇರಿಯ ರೋಗಿಯನ್ನು ಕಚ್ಚುವಂತೆ ಮಾಡಿದರು. ಪ್ರತಿಯೊಂದು ಸೊಳ್ಳೆಗೆ ಒಂದು ಆಣೆಯಂತೆ ಹುಸೇನ್ ಖಾನ್ ಅವರಿಗೆ ಹಣ ನೀಡಲಾಯಿತು.

ಮುಂದಿನ ದಿನಗಳಲ್ಲಿ ಒಂದೊಂದೇ ಸೊಳ್ಳೆಯನ್ನು ಸೀಳಿ ಪರೀಕ್ಷಿಸಲಾಯಿತು. ಬಿಸಿಲ ಝಳ ಹೆಚ್ಚಾಗಿತ್ತು. ಸೊಳ್ಳೆಗಳು ಹಾರಿಹೋಗುವ ಭಯದಿಂದ ಪಂಖಾ ಹಾಕಿಸುವಂತಿರಲಿಲ್ಲ. ಆಗಸ್ಟ್ 20ರಂದು ಕೊನೆಗೆ ಉಳಿದಿದ್ದ ಸೊಳ್ಳೆಗಳಲ್ಲೊಂದರ ಜಠರದ ಗೋಡೆಯಲ್ಲಿ ದುಂಡನೆಯ ಕೋಶಗಳು ಕಾಣಿಸಿದವು. ಅವುಗಳೊಳಗೆ, ರೋಗಿಯ ರಕ್ತದಲ್ಲಿ ತಾವು ನೂರಾರು ಸಲ ಕಂಡಿದ್ದ ಅದೇ ಕಪ್ಪು ಕಣಗಳಿದ್ದವು. ಮರುದಿನ ಕೊನೆಯ ಸೊಳ್ಳೆಯಲ್ಲಿ ಆ ಕೋಶಗಳು ಇನ್ನೂ ದೊಡ್ಡವಾಗಿದ್ದವು. ಪರೋಪಜೀವಿಯು ಸೊಳ್ಳೆಯೊಳಗೆ ಬೆಳೆಯುತ್ತಿತ್ತೆಂಬುದಕ್ಕೆ ಇದೇ ಸಾಕ್ಷಿಯಾಯಿತು. ಮನುಷ್ಯರ ರಕ್ತದಲ್ಲಿ ಈ ಕಣಗಳ ಗುರುತನ್ನು ಅವರು ಮೊದಲೇ ಚೆನ್ನಾಗಿ ಕಲಿತಿರದಿದ್ದರೆ, ಸೊಳ್ಳೆಯಲ್ಲಿ ಅವುಗಳನ್ನು ಕಂಡೂ ಕಾಣದಂತಾಗುತ್ತಿತ್ತು. ಆಗಸ್ಟ್ 20ನ್ನು ಇಂದಿಗೂ ವಿಶ್ವ ಸೊಳ್ಳೆ ದಿನವೆಂದು ಆಚರಿಸಲಾಗುತ್ತಿದೆ.

ಕಲ್ಕತ್ತೆಯ ಸಂಶೋಧನೆ ಮತ್ತು ನೊಬೆಲ್ ಪಾರಿತೋಷಕ

ಇಷ್ಟರಲ್ಲಿ ಸರ್ಕಾರವು ಅವರನ್ನು ಮಲೇರಿಯವೇ ವಿರಳವಾದ ರಾಜಪುತಾನದ ಖೇರ್ವಾಡಕ್ಕೆ ವರ್ಗಾಯಿಸಿತು. 1898ರಲ್ಲಿ ಕಲ್ಕತ್ತೆಯ ಸಣ್ಣ ಪ್ರಯೋಗಾಲಯವೊಂದರಲ್ಲಿ ಕೆಲಸ ಮುಂದುವರಿಸಲು ಅವಕಾಶ ದೊರೆಯಿತು. ಮನುಷ್ಯರ ಮೇಲೆ ಪ್ರಯೋಗ ಕಷ್ಟವಾದುದರಿಂದ ಹಕ್ಕಿಗಳ ಮಲೇರಿಯವನ್ನು ಆರಿಸಿಕೊಂಡರು. ಮೊಹಮ್ಮದ್ ಬಕ್ಸ್ ಎಂಬ ನಿಷ್ಠಾವಂತ ಸಹಾಯಕರ ನೆರವಿನಿಂದ, ಪರೋಪಜೀವಿಯು ಸೊಳ್ಳೆಯ ಜೊಲ್ಲುಗ್ರಂಥಿಯನ್ನು ತಲುಪಿ ಅಲ್ಲಿಂದ ಕಡಿತದ ಮೂಲಕ ಆರೋಗ್ಯವಂತ ಹಕ್ಕಿಯನ್ನು ಸೇರುತ್ತದೆಂಬುದನ್ನು ಅದೇ ವರ್ಷದ ಜುಲೈನಲ್ಲಿ ಸಾಧಿಸಿದರು. ಮನುಷ್ಯರಲ್ಲಿಯೂ ಹೀಗೆಯೇ ನಡೆಯುತ್ತದೆಂಬುದನ್ನು ಇಟಲಿಯ ಗ್ರಾಸ್ಸಿ ಮತ್ತು ಅವರ ಸಹೋದ್ಯೋಗಿಗಳು 1898ರಲ್ಲಿಯೇ ತೋರಿಸಿಕೊಟ್ಟರು. ಕೀರ್ತಿಯ ಹಂಚಿಕೆಯ ಕುರಿತು ರಾಸ್ ಮತ್ತು ಗ್ರಾಸ್ಸಿ ಅವರ ನಡುವೆ ನಡೆದ ವಿವಾದ ಬಹುಕಾಲ ಶಮನವಾಗಲಿಲ್ಲ. 1902ರಲ್ಲಿ ರಾಸ್ ಒಬ್ಬರಿಗೇ ನೊಬೆಲ್ ಪಾರಿತೋಷಕ ದೊರೆಯಿತು. ಭಾರತದಲ್ಲಿ ಜನಿಸಿದವರಿಗೆ ಸಂದ ಮೊದಲ ನೊಬೆಲ್ ಅದಾಗಿತ್ತು.

ದಪ್ಪ ಲೇಪನ ಮತ್ತು ದಿನವಹಿ ಎಣಿಕೆ

ರಾಸ್ ಅವರ ಕೀರ್ತಿ ಸೊಳ್ಳೆಗೆ ಸೇರಿದ್ದಾದರೂ, ರಕ್ತಪರೀಕ್ಷೆಗೆ ಅವರು ಸಲ್ಲಿಸಿದ ಸೇವೆಯು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. 1899ರಲ್ಲಿ ಭಾರತದ ಸೇವೆಯಿಂದ ನಿವೃತ್ತರಾಗಿ ಲಿವರ್‌ಪೂಲಿನ ಉಷ್ಣವಲಯ ವೈದ್ಯಶಾಲೆಯನ್ನು ಸೇರಿದ ಅವರು, 1903ರಲ್ಲಿ ದಪ್ಪ ರಕ್ತಲೇಪನದ ವಿಧಾನವನ್ನು ಪ್ರಕಟಿಸಿದರು. ಗಾಜಿನ ಪಟ್ಟಿಯ ಮೇಲೆ ರಕ್ತವನ್ನು ತೆಳುವಾಗಿ ಎಳೆದಾಗ, ಪರೋಪಜೀವಿಗಳು ಕಡಿಮೆಯಿದ್ದರೆ ಕಣ್ಣಿಗೆ ಬೀಳದೆ ಹೋಗುತ್ತವೆ. ಅದರ ಬದಲು ರಕ್ತವನ್ನು ದಪ್ಪವಾಗಿ ಒಣಗಿಸಿ, ಕೆಂಪು ಬಣ್ಣವನ್ನು ನೀರಿನಿಂದ ತೊಳೆದರೆ, ಅಷ್ಟೇ ಜಾಗದಲ್ಲಿ ಹಲವು ಪಟ್ಟು ಹೆಚ್ಚು ರಕ್ತವನ್ನು ನೋಡಬಹುದು. ತಮ್ಮ ಆರಂಭದ ವರ್ಷಗಳ ಸೋಲಿಗೆ ಇದ್ದ ಕಾರಣಗಳಲ್ಲೊಂದನ್ನು ಅವರು ಹೀಗೆ ನಿವಾರಿಸಿದರು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇಂದಿಗೂ ಒಂದೇ ಗಾಜಿನ ಪಟ್ಟಿಯ ಮೇಲೆ ದಪ್ಪ ಮತ್ತು ತೆಳು ಲೇಪನಗಳೆರಡನ್ನೂ ಮಾಡಲಾಗುತ್ತದೆ.

1910ರಲ್ಲಿ ಡೇವಿಡ್ ಥಾಮ್ಸನ್ ಅವರೊಂದಿಗೆ ಇನ್ನೊಂದು ಹೆಜ್ಜೆ ಮುಂದಿಟ್ಟರು. ರೋಗಿಯ ರಕ್ತದಲ್ಲಿನ ಪರೋಪಜೀವಿಗಳನ್ನು ದಿನವೂ ಎಣಿಸಿ, ಆ ಸಂಖ್ಯೆಯನ್ನು ಜ್ವರದ ಏರಿಳಿತದೊಂದಿಗೆ ಹೋಲಿಸಿದರು. ಸಂಖ್ಯೆ ಏರಿದಂತೆ ಜ್ವರ ಬರುವುದು, ಜ್ವರ ಬಿಟ್ಟ ದಿನಗಳಲ್ಲಿಯೂ ಕೆಲವು ಪರೋಪಜೀವಿಗಳು ಉಳಿದಿರುವುದು, ಅವೇ ಹೆಚ್ಚಿ ಜ್ವರ ಮರುಕಳಿಸುವುದು ಈ ಎಣಿಕೆಯಿಂದ ಸ್ಪಷ್ಟವಾಯಿತು. ಹೀಗೆ ರೋಗವನ್ನು ಪತ್ತೆ ಮಾಡಲು ಮಾತ್ರವಲ್ಲದೆ, ಅದರ ನಡೆಯನ್ನು ಕಾಯಲೂ ರಕ್ತಪರೀಕ್ಷೆಯನ್ನು ಬಳಸಬಹುದೆಂಬುದು ಸಿದ್ಧವಾಯಿತು. ಲೆಕ್ಕಪತ್ರ ಬಲ್ಲವರು ಒಂದು ದಿನದ ನಗದು ಶಿಲ್ಕನ್ನು ಮಾತ್ರ ನೋಡಿ ವರ್ಷದ ಲಾಭನಷ್ಟವನ್ನು ಹೇಳುವುದಿಲ್ಲ. ದೇಹದ ಲೆಕ್ಕವೂ ಅದೇ ರೀತಿಯದು.

ಉರಿಯೂತದ ಪರೀಕ್ಷೆಗಳು

ರಕ್ತವನ್ನು ಹೀಗೆ ಕಾಯುವ ಪದ್ಧತಿಯು ಮಲೇರಿಯಕ್ಕೆ ಸೀಮಿತವಾಗಿ ಉಳಿಯಲಿಲ್ಲ. ಸೋಂಕು ಅಥವಾ ಗಾಯವನ್ನು ಎದುರಿಸಲು ದೇಹವು ತೋರುವ ಪ್ರತಿಕ್ರಿಯೆಗೆ ಉರಿಯೂತವೆಂದು ಹೆಸರು. ಅದು ತಿಂಗಳುಗಟ್ಟಲೆ ಆರದೆ ಉಳಿದರೆ ದೀರ್ಘಕಾಲೀನ ಉರಿಯೂತವೆನಿಸುತ್ತದೆ. ಸಂಧಿವಾತ, ಕ್ಷಯ ಮೊದಲಾದ ಕಾಯಿಲೆಗಳಲ್ಲಿ ಇದು ಕಂಡುಬರುತ್ತದೆ. ಚಿಕಿತ್ಸೆಯಿಲ್ಲದೆ ಪದೇಪದೇ ಬರುವ ಮಲೇರಿಯದಿಂದಲೂ ಗುಲ್ಮ ಊದಿಕೊಂಡು, ರಕ್ತಹೀನತೆ ಉಂಟಾಗುತ್ತದೆ.

ರಾಸ್ ಅವರು ಸೊಳ್ಳೆಯನ್ನು ಸೀಳಿ ನೋಡಿದ 1897ರಲ್ಲಿಯೇ ಪೋಲೆಂಡಿನ ವೈದ್ಯ ಎಡ್ಮಂಡ್ ಬಿಯೆರ್ನಾಟ್ಸ್ಕಿ ಅವರು, ಕಾಯಿಲೆಯವರ ರಕ್ತದಲ್ಲಿ ಕೆಂಪುಕಣಗಳು ಬೇಗನೆ ತಳ ಸೇರುವುದನ್ನು ವರದಿ ಮಾಡಿದರು. ಸ್ವೀಡನ್ನಿನ ಫೋರಿಯಸ್ ಮತ್ತು ವೆಸ್ಟರ್‌ಗ್ರೆನ್ ಅವರು 1918 ಮತ್ತು 1921ರಲ್ಲಿ ಪ್ರಕಟಿಸಿದ ಅಧ್ಯಯನಗಳಿಂದ ಇದು ಇ.ಎಸ್.ಆರ್. ಪರೀಕ್ಷೆಯಾಗಿ ರೂಪುಗೊಂಡಿತು. ಉರಿಯೂತವಿದ್ದಾಗ ರಕ್ತದಲ್ಲಿ ಫೈಬ್ರಿನೋಜೆನ್ ಎಂಬ ಪ್ರೋಟೀನು ಹೆಚ್ಚಿ, ಕೆಂಪುಕಣಗಳು ನಾಣ್ಯಗಳನ್ನು ಪೇರಿಸಿದಂತೆ ಒಂದಕ್ಕೊಂದು ಅಂಟಿ ಭಾರವಾಗಿ ಕೆಳಗಿಳಿಯುತ್ತವೆ. ನಿಂತ ಕೊಳವೆಯಲ್ಲಿ ಒಂದು ಗಂಟೆಯಲ್ಲಿ ಅವು ಎಷ್ಟು ಮಿಲಿಮೀಟರ್ ಇಳಿದವೆಂಬುದೇ ವರದಿಯಲ್ಲಿನ ಅಂಕಿ.

1930ರಲ್ಲಿ ಅಮೆರಿಕದ ಟಿಲೆಟ್ ಮತ್ತು ಫ್ರಾನ್ಸಿಸ್ ಅವರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಸಿ.ಆರ್.ಪಿ. ಎಂಬ ವಸ್ತುವನ್ನು ಕಂಡುಹಿಡಿದರು. ಇದು ಪಿತ್ತಜನಕಾಂಗದಲ್ಲಿ ತಯಾರಾಗುವ ಪ್ರೋಟೀನು. ಉರಿಯೂತ ಆರಂಭವಾದ ಕೆಲವೇ ಗಂಟೆಗಳಲ್ಲಿ ಏರಿ, ಸುಮಾರು ಎರಡು ದಿನಗಳಲ್ಲಿ ಗರಿಷ್ಠ ಮಟ್ಟ ತಲುಪಿ, ಕಾರಣ ನಿವಾರಣೆಯಾದ ಬಳಿಕ ಬೇಗನೆ ಇಳಿಯುತ್ತದೆ. ಇ.ಎಸ್.ಆರ್. ಮಾತ್ರ ನಿಧಾನವಾಗಿ ಏರಿ, ವಾರಗಟ್ಟಲೆ ತೆಗೆದುಕೊಂಡು ಇಳಿಯುತ್ತದೆ. ಆದ್ದರಿಂದ ಚಿಕಿತ್ಸೆಯು ಫಲಿಸುತ್ತಿದೆಯೇ ಎಂದು ಬೇಗ ತಿಳಿಯಲು ಸಿ.ಆರ್.ಪಿ. ಹೆಚ್ಚು ಅನುಕೂಲ. ಆದರೆ ಇವೆರಡೂ ರೋಗದ ಹೆಸರನ್ನು ಹೇಳುವುದಿಲ್ಲ. ಇವು ಹೊಗೆಯನ್ನು ತೋರಿಸುತ್ತವೆಯೇ ಹೊರತು, ಬೆಂಕಿ ಯಾವ ಮನೆಯಲ್ಲಿದೆ ಎಂಬುದನ್ನು ತಿಳಿಸುವುದಿಲ್ಲ. ಅದಕ್ಕಾಗಿ ವೈದ್ಯರು ರೋಗಿಯನ್ನು ತಪಾಸಣೆ ಮಾಡಿ, ಮಲೇರಿಯಕ್ಕೆ ರಕ್ತಲೇಪನ, ಕ್ಷಯಕ್ಕೆ ಕಫಪರೀಕ್ಷೆಯಂತಹ ನಿರ್ದಿಷ್ಟ ಪರೀಕ್ಷೆಗಳನ್ನು ಮಾಡಿಸಬೇಕಾಗುತ್ತದೆ.

ಕೊನೆಯ ವರ್ಷಗಳು

ರಾಸ್ ಅವರು ಮಲೇರಿಯ ನಿಯಂತ್ರಣಕ್ಕಾಗಿ ಮಾರಿಷಸ್ ಮುಂತಾದ ದೇಶಗಳಲ್ಲಿ ಸಮೀಕ್ಷೆ ನಡೆಸಿ, ರೋಗ ಹರಡುವ ರೀತಿಯನ್ನು ಗಣಿತದ ಸೂತ್ರಗಳಿಂದ ವಿವರಿಸಿದರು. 1911ರಲ್ಲಿ ಅವರಿಗೆ ಸರ್ ಪದವಿ ದೊರೆಯಿತು. 1926ರಲ್ಲಿ ಲಂಡನ್ನಿನಲ್ಲಿ ಅವರ ಹೆಸರಿನ ಸಂಶೋಧನಾ ಸಂಸ್ಥೆ ಆರಂಭವಾಯಿತು. ದೀರ್ಘಕಾಲದ ಅನಾರೋಗ್ಯದ ನಂತರ 1932ರ ಸೆಪ್ಟೆಂಬರ್ 16ರಂದು ತಮ್ಮ ಎಪ್ಪತ್ತೈದನೆಯ ವಯಸ್ಸಿನಲ್ಲಿ ನಿಧನ ಹೊಂದಿದರು. ಹೆಸರಿಗಾಗಿ ಕಲಹ ಮಾಡಿದ ದೋಷವು ಅವರಲ್ಲಿ ಇತ್ತಾದರೂ, ತಮ್ಮ ಅಭಿಪ್ರಾಯ ತಪ್ಪೆಂದು ರಕ್ತದ ಹನಿಯು ತೋರಿಸಿದಾಗ ಅದನ್ನು ಒಪ್ಪಿಕೊಂಡ ದೊಡ್ಡತನವೂ ಇತ್ತು.

ಸಾರ್ವಜನಿಕರ ಗಮನಕ್ಕೆ

1. ಜ್ವರ ಬಂದಾಗ ಸ್ವಯಂ ಔಷಧೋಪಚಾರ ಮಾಡಿಕೊಳ್ಳದೆ ರಕ್ತಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಮಲೇರಿಯ ಪರೀಕ್ಷೆ ಮತ್ತು ಚಿಕಿತ್ಸೆ ಉಚಿತವಾಗಿರುತ್ತದೆ. ಮೊದಲ ಲೇಪನದಲ್ಲಿ ಪರೋಪಜೀವಿ ಕಾಣದೆ, ಜ್ವರ ಮುಂದುವರಿದಲ್ಲಿ ವೈದ್ಯರ ಸೂಚನೆಯಂತೆ ಪುನಃ ಪರೀಕ್ಷೆ ಮಾಡಿಸುವುದು ಅವಶ್ಯಕ.

2. ಇ.ಎಸ್.ಆರ್. ಅಂಕಿಯು ವಯಸ್ಸು, ರಕ್ತಹೀನತೆ ಮತ್ತು ಗರ್ಭಾವಸ್ಥೆಗಳಲ್ಲಿಯೂ ಹೆಚ್ಚಾಗಬಹುದು. ಒಂದೇ ವರದಿಯನ್ನು ನೋಡಿ ಗಾಬರಿಗೊಳ್ಳುವುದಾಗಲಿ, ಅಂಕಿ ಸಹಜವಾಗಿದೆಯೆಂದು ಚಿಕಿತ್ಸೆಯನ್ನು ನಡುವೆ ನಿಲ್ಲಿಸುವುದಾಗಲಿ ಸರಿಯಲ್ಲ.

3. ಹಳೆಯ ವರದಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಟ್ಟುಕೊಂಡು, ಪ್ರತಿಯೊಂದು ಭೇಟಿಯಲ್ಲಿಯೂ ತಂದು ವೈದ್ಯರಿಗೆ ತೋರಿಸತಕ್ಕದ್ದು. ಸಾಧ್ಯವಾದಷ್ಟೂ ಒಂದೇ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದಲ್ಲಿ ಹೋಲಿಕೆಗೆ ಅನುಕೂಲವಾಗುತ್ತದೆ.

4. ನಗರದ ಪೂರ್ವಭಾಗದ ನಿವಾಸಿಗಳು ತಮಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಅಥವಾ ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ, ಇಂದಿರಾನಗರದ ಸರ್ ಸಿ.ವಿ. ರಾಮನ್ ಸಾರ್ವಜನಿಕ ಆಸ್ಪತ್ರೆ, ಕೆ.ಆರ್. ಪುರದ ಸಾರ್ವಜನಿಕ ಆಸ್ಪತ್ರೆಗಳಲ್ಲಿ ವೈದ್ಯರ ಸಲಹೆ ಪಡೆಯಬಹುದಾಗಿದೆ.

5. ಮನೆಯ ತೊಟ್ಟಿ, ಡ್ರಮ್ಮು, ಹೂವಿನ ಕುಂಡದ ತಟ್ಟೆಗಳಲ್ಲಿನ ನೀರನ್ನು ವಾರಕ್ಕೊಮ್ಮೆ ಚೆಲ್ಲಿ, ಉಜ್ಜಿ ತೊಳೆದು ಒಣಗಿಸತಕ್ಕದ್ದು. ಡೆಂಗಿ ಹರಡುವ ಸೊಳ್ಳೆಯು ಇಂತಹ ನೀರಿನಲ್ಲಿಯೇ ಬೆಳೆಯುತ್ತದೆ. 1883ರಲ್ಲಿ ದಂಡಿನ ಬಂಗಲೆಯೊಂದರ ತೊಟ್ಟಿಯನ್ನು ಬೋರಲು ಹಾಕಿದ ಕೆಲಸಕ್ಕೆ ಯಾವ ವೆಚ್ಚವೂ ತಗುಲಿರಲಿಲ್ಲ. ಇಂದು ನಮಗೂ ತಗುಲುವುದಿಲ್ಲ. ಈ ಕಾರ್ಯದಲ್ಲಿ ಸಾರ್ವಜನಿಕರು ಸಹಕರಿಸಬೇಕೆಂದು ಕೋರಲಾಗಿದೆ.